ಏನ್ ಕೊಯ್ಯಾಂವ ಇದ್ದಿ?

ಶಕ್ಕಕ್ಕನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದ ಸಾಮಾನು ಕೇಳಿದ ಕೂಡಲೇ ಸಿಗುತ್ತಿರಲಿಲ್ಲ. ಗ್ರೈಂಡರಿಗೆ ಬ್ಲೇಡ್ ಬೇಕೆಂದರೆ ಚಾಳೀಸಿನ ಮೇಲಿಂದ ನೋಡಿ, “ಏನ್ ಕೊಯ್ಯಾಂವ ಇದ್ದಿ?” ಎನ್ನುತ್ತಿದ್ದಳು. ಕಬ್ಬಿಣ ಎಂದರೆ ಸಾಲದು, ಪೈಪೋ ಆ್ಯಂಗಲೋ ಹೇಳಬೇಕು. ಸ್ಟೀಲ್ ಎಂದರೆ ಇನ್ನೊಂದು ಪ್ರಶ್ನೆ: “ಬರೇ ಕಬ್ಬಿಣಾನೋ, ಪಾತ್ರಿ ಸ್ಟೀಲೋ?”

ಸೇಡಂ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು ಆ ಅಂಗಡಿ. ಗಂಡ ತೀರಿಕೊಂಡ ಮೇಲೆ ಗಲ್ಲೆಗೆ ಬಂದು ಕೂತ ಶಕ್ಕಕ್ಕ, ಬ್ಲೇಡಿನ ಮೇಲೆ ಅಚ್ಚಾಗಿದ್ದ ಒಂದೊಂದು ಅಂಕಿಯನ್ನೂ ಅವರಿವರಿಗೆ ಕೇಳಿ ಕಲಿತಿದ್ದಳು. ತೆಳು ಬ್ಲೇಡು ಪೈಪಿಗೆ, ದಪ್ಪದ್ದು ಆ್ಯಂಗಲಿಗೆ. ಮಷಿನ್ ತಿರುಗುವ ವೇಗಕ್ಕಿಂತ ಬ್ಲೇಡಿನ ಮೇಲಿನ ಅಂಕಿ ಕಡಿಮೆಯಿದ್ದರೆ ಕೊಡುತ್ತಲೇ ಇರಲಿಲ್ಲ. ನಡುವಿನ ತಗಡಿನ ಬಳೆಯ ಮೇಲೆ ತಾರೀಖು ಹುಡುಕಿ, “ಗುಳಗಿ ಹಂಗ ಇದಕ್ಕೂ ಮುದ್ದತ್ ಇರ್ತದ” ಎಂದು ತೋರಿಸುತ್ತಿದ್ದಳು. ಅವಸರದ ಗಿರಾಕಿಗಳು ಬೇರೆ ಅಂಗಡಿಗೆ ಹೋಗುತ್ತಿದ್ದರು. ಮೊದಲ ಸಲ ನಾನೂ ಏನೂ ಕೊಳ್ಳದೆ ಹೋಗಿದ್ದೆ.

ನಾನು ಶಹಾಬಾದಿನವನು. ನಮ್ಮ ಮನೆಯಲ್ಲಿ ಎಲ್ಲರದೂ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಕೆಲಸ. ಸೇಡಮ್ಮಿಗೆ ಬಂದು ಗೇಟು, ಗ್ರಿಲ್ಲಿನ ಕೆಲಸ ಶುರು ಮಾಡಿದಾಗ ಕಲ್ಲಿನ ಬ್ಲೇಡುಗಳನ್ನು ಚೀಲದಲ್ಲಿ ತಂದಿದ್ದೆ. ಕಲ್ಲನ್ನೇ ಕೊಯ್ಯುವುದು ಕಬ್ಬಿಣವನ್ನು ಬಿಡುತ್ತದೆಯೇ ಎಂಬ ಧಿಮಾಕು. ಕೋಡ್ಲಾದ ಒಂದು ಮನೆಯ ಗೇಟಿಗೆ ಆ್ಯಂಗಲ್ ಕೊಯ್ಯುವಾಗ ಬ್ಲೇಡು ಕಾದು, ಅದರ ಹಲ್ಲೊಂದು ಹಾರಿ ಕಣ್ಣಿನ ಕೆಳಗೆ ಬಡಿಯಿತು. ನಾಲ್ಕು ಹೊಲಿಗೆ.

ಪಟ್ಟಿ ಕಟ್ಟಿಕೊಂಡು ಶಕ್ಕಕ್ಕನ ಅಂಗಡಿಗೆ ಹೋದೆ. ಬಾಗಿಲು ಬಡಿಯಿತು ಎಂದು ಸುಳ್ಳು ಹೇಳಿದೆ.

“ಹೌದಾ? ಚೀಲದಾಗ ಏನದ, ತೆಗಿ.”

ತೆಗೆದೆ. ಬ್ಲೇಡಿನ ಅಂಚು ಕಾದು ನೀಲಿಯಾಗಿತ್ತು, ಒಂದು ಹಲ್ಲಿರಲಿಲ್ಲ.

“ಈ ಬಾಗಿಲಕ್ಕ ಹಲ್ಲೂ ಇದ್ದುವೇನೋ ತಮ್ಮಾ?” ಎಂದು ನಕ್ಕಳು. ಆಮೇಲೆ ನಗಲಿಲ್ಲ. “ಕಲ್ಲ ಪುಡಿ ಆಗ್ತದ. ಕಬ್ಬಿಣ ಹಂಗಲ್ಲ, ಕಾಯ್ತದ, ಬ್ಲೇಡಿಗಿ ಅಂಟ್ಕೋತದ. ಒಂದ್ ಬೆರಳ ಮ್ಯಾಲ ಬಡಿದಿದ್ರ? ನನ್ನ ಅಂಗಡ್ಯಾಗ ಎಲ್ಲಾ ಸಿಗ್ತದ, ಕಣ್ಣ ಸಿಗಂಗಿಲ್ಲ.”

ಕಬ್ಬಿಣದ ಬ್ಲೇಡಿನ ಜೊತೆ ಒಂದು ಕನ್ನಡಕವನ್ನೂ ಎದುರಿಗಿಟ್ಟಳು. ಅದನ್ನು ಹಾಕಿಕೊಂಡು ತೋರಿಸುವವರೆಗೂ ಬ್ಲೇಡಿನ ಮೇಲಿಂದ ಕೈ ತೆಗೆಯಲಿಲ್ಲ. ಪಟ್ಟಿಯ ಮೇಲೆ ಕನ್ನಡಕ ಹಾಕಿಕೊಂಡು ಅಂಗಡಿಯ ನಡುವೆ ನಿಂತಿದ್ದೆ, ಉಳಿದ ಗಿರಾಕಿಗಳು ನಗುತ್ತಿದ್ದರು.

ಆಮೇಲೆ ಹತ್ತಾರು ವರ್ಷ ಬೇರೆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಚಿತ್ತಾಪುರದ ಒಂದು ಆಸ್ಪತ್ರೆಯ ಮೆಟ್ಟಿಲಿಗೆ ಸ್ಟೀಲಿನ ಕಟಾಂಜನ ಮಾಡಲು ಹೊರಟಾಗ ಬ್ಲೇಡನ್ನು ಬೇರೆ ಕಾಗದದಲ್ಲಿ ಸುತ್ತಿಕೊಟ್ಟು, “ಇದರಲೆ ಕಬ್ಬಿಣ ಕೊಯ್ದಿ ಅಂದ್ರ ಪಾತ್ರಿ ಸ್ಟೀಲಿಗೂ ಜಂಗ್ ಹಿಡೀತದ. ಹೆಸರ ನಂದ ಕೆಡ್ತದ” ಎಂದಳು. ಹೆಸರು ನನ್ನದು ಕೆಡುತ್ತಿತ್ತು, ಆದರೆ ಅವಳು ಹಾಗೆ ಲೆಕ್ಕ ಹಾಕುತ್ತಿರಲಿಲ್ಲ.

ಹೋದ ವರ್ಷ ಅವಳಿಗೆ ಲಕ್ವಾ ಹೊಡೆಯಿತು, ಮಾತು ಹೋಯಿತು. ನೋಡಲು ಹೋದಾಗ ಮಗಳು ದಿಂಬು ಕೊಟ್ಟು ಕೂಡಿಸಿದಳು. ಶಕ್ಕಕ್ಕ ಎಡಗೈಯಿಂದ ನನ್ನ ಕಣ್ಣಿನ ಕೆಳಗಿನ ಗಾಯದ ಕಲೆ ಮುಟ್ಟಿದಳು. ಆಮೇಲೆ ಹಾಸಿಗೆಯ ಮೇಲೆ ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಗೆರೆ ಎಳೆದು, ನನ್ನ ಮುಖ ನೋಡಿದಳು.

ಮಗಳಿಗೆ ತಿಳಿಯಲಿಲ್ಲ. “ನೀರ ಬೇಕೇನ್ ಅವ್ವಾ?” ಎಂದಳು.

ನನಗೆ ತಿಳಿಯಿತು. “ಆ್ಯಂಗಲ್ ಕೊಯ್ಲಾಕತ್ತೀನಿ ಅಕ್ಕಾ. ದಪ್ಪಂದೇ ಹಾಕೀನಿ. ಕನ್ನಡಕಾನೂ ಅದ” ಎಂದೆ. ಅವಳು ಕಣ್ಣು ಮುಚ್ಚಿ ತಲೆ ಆಡಿಸಿದಳು. ಹದಿನೈದು ದಿನಕ್ಕೆ ಹೋದಳು.

ಈಗ ಅಲ್ಲಿ ಬೇರೆಯವರ ಅಂಗಡಿ. ಬ್ಲೇಡ್ ಎಂದರೆ ಸಾಕು, ಮುಖ ನೋಡದೆ ತೆಗೆದು ಕೊಡುತ್ತಾರೆ. ಭಾಳ ನೆನಪಾಗುತ್ತಾಳೆ. ಬ್ಲೇಡು ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. “ಮತ್ತೇನ್ ಬೇಕ್ರಿ?” ಎಂದು ಕೇಳುತ್ತಾರೆ. ಏನೂ ಇಲ್ಲ ಎಂದು ಬರುತ್ತೇನೆ.