ಒಂದು ನೂಲು ಅಗಲ

ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಸಿರಾಡುತ್ತಿತ್ತು. ಕಾರ್ಖಾನೆಗೆಲ್ಲ ಅವನು ಅಚ್ಚಣ್ಣ. ಶೂ ಹುಟ್ಟುವ ಮೊದಲು ಅದಕ್ಕೊಂದು ಮರದ ಕಾಲು ಬೇಕು. ಆ ಕಾಲಿನ ಮೇಲೆ ಚರ್ಮವನ್ನು ಎಳೆದು ಬಿಗಿದು, ಅಟ್ಟೆ ಅಂಟಿಸಿ, ಆಮೇಲೆ ಮರವನ್ನು ಹೊರಗೆಳೆದರೆ ನಿಮ್ಮ ಕಾಲಿಗೆ ಜಾಗ ಸಿದ್ಧ. ಆ ಮರದ ಕಾಲೇ ಅಚ್ಚು. ಅದನ್ನು ಕೆತ್ತುವವನು ಅಚ್ಚಣ್ಣನಾಗದೆ ಇನ್ನೇನಾದಾನು? ಯಜಮಾನರಿಗೂ ಅವನು ಅಚ್ಚುಮೆಚ್ಚು, ಕೆಲಸ ಇರುವ ತನಕ.

ಕಾರ್ಖಾನೆಯ ಹಿಂಬದಿಯ ಉದ್ದನೆಯ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೂತಿದ್ದ. ತಲೆಯ ಮೇಲೆ ಹಗ್ಗಕ್ಕೆ ಜೋಡಿಜೋಡಿಯಾಗಿ ಪೋಣಿಸಿದ ನೂರಾರು ಮರದ ಕಾಲುಗಳು. "ಇಷ್ಟು ಜನರ ಕಾಲ ಕೆಳಗೆ ಬಾಳಿದೋನು ನಾನೊಬ್ಬನೇ ಕಣ್ರೋ" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದ. ಹೊಸಬರು ಬರುವುದು ನಿಂತು ಒಂಬತ್ತು ವರ್ಷವಾದ ಮೇಲೆ ಆ ಮಾತನ್ನು ಭಾಮೈದನಿಗೇ ಮತ್ತೆಮತ್ತೆ ಹೇಳುವಂತಾಯಿತು. ಹೆಂಡತಿಯ ತಮ್ಮ ಅವನು. ಪಕ್ಕದಲ್ಲೇ ಲೇತು ನಡೆಸುತ್ತಿದ್ದ. ಅಚ್ಚಣ್ಣ ಕೈಯಿಂದ ಕೆತ್ತಿದ ಒಂದೇ ಮೂಲ ಅಚ್ಚನ್ನು ಯಂತ್ರದ ಒಂದು ಬದಿಗೆ ಸಿಕ್ಕಿಸಿದರೆ, ಇನ್ನೊಂದು ಬದಿಯಲ್ಲಿ ಅದು ಅದೇ ಕಾಲನ್ನು ಬೇಕಾದಷ್ಟು ಕೊರೆಯುತ್ತಿತ್ತು. ಯಂತ್ರಕ್ಕೆ ಸ್ವಂತ ಬುದ್ಧಿಯಿಲ್ಲ. "ನಮ್ಮ ಭಾಮೈದನಿಗೂ ಅಷ್ಟೇ" ಎಂದು ಅಚ್ಚಣ್ಣ ಸೇರಿಸುತ್ತಿದ್ದ.

ಅವನ ಕೈಯಲ್ಲೊಂದು ಗುಟ್ಟಿತ್ತು. ಶೂಗಳ ನಕ್ಷೆಗಳು ಎಲ್ಲಿಂದಲೋ ಬರುತ್ತಿದ್ದವು, ತೆಳ್ಳಗಿನ, ಮುಂಭಾಗ ಚೂಪಾದ ಕಾಲುಗಳ ನಕ್ಷೆಗಳು. ಇಲ್ಲಿನವರ ಕಾಲು ಹಾಗಲ್ಲ. ಹತ್ತು ಹನ್ನೆರಡು ವರ್ಷ ಬರಿಗಾಲಲ್ಲಿ ಓಡಾಡಿ ಬೆಳೆದ ಕಾಲು; ಬೆರಳುಗಳು ಬೀಸಣಿಗೆಯಂತೆ ಬಿಚ್ಚಿಕೊಂಡಿರುತ್ತವೆ. ಅವನಿಗೆ ಕೆಲಸ ಕಲಿಸಿದ ಮುದುಕ ಮೊದಲ ವಾರವೇ ಅಂದಿದ್ದ: "ನಕ್ಷೆ ಪುಸ್ತಕದ್ದು, ಕಾಲು ನಮ್ಮೋರದ್ದು. ಬೆರಳು ಶುರುವಾಗೋ ಕಡೆ ಒಂದು ನೂಲು ಬಿಡು. ಯಾರಿಗೂ ಹೇಳ್ಬೇಡ." ಮರಗೆಲಸದ ಲೆಕ್ಕದಲ್ಲಿ ನೂಲೆಂದರೆ ಅಂಗುಲದ ಎಂಟನೇ ಒಂದು ಭಾಗ. ಅಂದಿನಿಂದ ಅಚ್ಚಣ್ಣ ಕೆತ್ತಿದ ಪ್ರತಿ ಅಚ್ಚೂ ನಕ್ಷೆಗಿಂತ ಒಂದು ನೂಲು ಅಗಲ. ಈ ಕಾರ್ಖಾನೆಯ ಶೂ ಕಚ್ಚುವುದಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಏಕೆ ಕಚ್ಚುವುದಿಲ್ಲ ಎಂದು ಯಜಮಾನರಿಗೂ ಗೊತ್ತಿರಲಿಲ್ಲ.

ಆಮೇಲೆ ಕಾಲ ಬದಲಾಯಿತು, ಕಾಲು ಬದಲಾಗಲಿಲ್ಲ. ನದಿಗೆ ವಿಷ ಬಿಡುತ್ತವೆಂದು ಚರ್ಮ ಹದ ಮಾಡುವ ಮನೆಗಳಿಗೆ ಬೀಗ ಬಿತ್ತು. ಬಿಟ್ಟಿದ್ದೂ ನಿಜವೇ. ಚರ್ಮ ದೂರದಿಂದ ಬರತೊಡಗಿತು, ಬೆಲೆ ಏರಿತು. ಅಷ್ಟರಲ್ಲಿ ಹಡಗುಗಟ್ಟಲೆ ಪ್ಲಾಸ್ಟಿಕ್ ಶೂ ಬಂದಿಳಿದವು. ನೋಡಲು ಚರ್ಮದಂತೆಯೇ, ಬೆಲೆ ಮಾತ್ರ ಮೂರರಲ್ಲೊಂದು ಪಾಲು. ಹೊಲಿಗೆಯ ಹಾಲಿನಲ್ಲಿ ಅರ್ಧಕ್ಕರ್ಧ ಯಂತ್ರಗಳು ಹಳೆಯ ಬೆಡ್‌ಶೀಟ್ ಹೊದ್ದು ಮಲಗಿದವು.

ಆಗ ಯಜಮಾನರು ಎಲ್ಲರನ್ನೂ ಅದೇ ಹಾಲಿಗೆ ಕರೆದರು. ಕೈಯಲ್ಲೊಂದು ಕಾಗದ.

"ಹೊರದೇಶದವರು ಕೈಕೆಲಸದ ಚರ್ಮದ ಶೂ ಕೇಳ್ತಿದ್ದಾರೆ. ಮೊದಲು ಆರುನೂರು ಜೊತೆ. ಅದು ಪಾಸಾದ್ರೆ ಮೂರು ವರ್ಷ ಕೈತುಂಬ ಕೆಲಸ. ಪಾಸಾಗ್ಲಿಲ್ಲ ಅಂದ್ರೆ..." ಅವರು ಹೊದ್ದು ಮಲಗಿದ ಯಂತ್ರಗಳ ಕಡೆ ನೋಡಿದರು. "ಅಚ್ಚಣ್ಣ, ಮೊದಲ ಹೆಜ್ಜೆ ನಿನ್ನದೇ ಕಣಯ್ಯ."

ಅಚ್ಚಣ್ಣ ನಾಲ್ಕು ದಿನ ಕೂತು ಕೆತ್ತಿದ. ಅರ ಹಾಕಿದ, ಉಪ್ಪುಕಾಗದದಿಂದ ಉಜ್ಜಿದ, ಕಣ್ಣುಮುಚ್ಚಿ ಹೆಬ್ಬೆರಳಿನಿಂದ ಸವರಿ ನೋಡಿದ. ಇಷ್ಟು ಚೆಂದದ ಅಚ್ಚನ್ನು ಹಿಂದೆ ಕೆತ್ತಿದ್ದಿಲ್ಲ ಎನ್ನಿಸಿತು. ಭಾಮೈದ ಲೇತು ತಿರುಗಿಸಿದ. ಹೆಂಗಸರು ಬೆಡ್‌ಶೀಟ್ ಕಿತ್ತೆಸೆದು ಹೊಲಿದರು. ಆರುನೂರು ಜೊತೆ ಪೆಟ್ಟಿಗೆ ಸೇರಿ ಹೋದವು.

ಎರಡು ತಿಂಗಳಿಗೆ ಅಷ್ಟೂ ಪೆಟ್ಟಿಗೆ ವಾಪಸ್ಸು ಬಂದವು. ಜೊತೆಗೊಂದು ಸಾಲು: ಚರ್ಮ ಉತ್ತಮ, ಹೊಲಿಗೆ ಉತ್ತಮ, ಮುಂಭಾಗ ಸಡಿಲ, ಕಾಲು ನಿಲ್ಲುವುದಿಲ್ಲ.

ಮೇಲ್ವಿಚಾರಕ ನೇರ ಲೇತಿನ ಬಳಿ ಬಂದ. "ನಿನ್ನ ಮಿಷನ್ ಕುಡಿದು ಓಡ್ತಿತ್ತೋ, ನೀನು ಕುಡಿದು ಓಡಿಸ್ತಿದ್ಯೋ? ನಾಳೆಯಿಂದ ಬರ್ಬೇಡ."

"ಸಾರ್, ಕೊಟ್ಟ ಅಚ್ಚಿಗೆ ಸರಿಯಾಗೇ ಕೊರ್ದಿದೀನಿ ಸಾರ್. ಹೇಳು ಭಾವ!"

ಅಚ್ಚಣ್ಣ ಮೂಲ ಅಚ್ಚನ್ನು ಕೈಗೆ ತೆಗೆದುಕೊಂಡು ಬೆರಳುಗಳು ಶುರುವಾಗುವ ಜಾಗಕ್ಕೆ ಟೇಪು ಸುತ್ತಿದ. ನಕ್ಷೆ ನೋಡಿದ. ಮತ್ತೆ ಸುತ್ತಿದ. ಕೈ ಹೇಳದೆ ಕೇಳದೆ ತನ್ನ ಕೆಲಸ ತಾನು ಮಾಡಿಬಿಟ್ಟಿತ್ತು. ಎಂದೂ ನೋಡದ ದೇಶದ ತೆಳ್ಳಗಿನ ಕಾಲುಗಳಿಗೂ ಅದು ಒಂದು ನೂಲು ಜಾಗ ಬಿಟ್ಟಿತ್ತು. ಬಾಯಿಮುಚ್ಚಿಕೊಂಡಿದ್ದರೆ ಭಾಮೈದನ ಕೆಲಸ ಹೋಗುತ್ತಿತ್ತು, ತನ್ನದು ಉಳಿಯುತ್ತಿತ್ತು. ಒಂದು ಕ್ಷಣ ಹಾಗೆಯೇ ನಿಂತಿದ್ದ ಎಂಬುದನ್ನು ಅವನು ಹೆಂಡತಿಗೂ ಹೇಳಿಲ್ಲ.

"ಅವನದಲ್ಲ ಸ್ವಾಮಿ, ನನ್ನದು" ಎಂದ.

ಯಜಮಾನರು ಎಲ್ಲವನ್ನೂ ಕೇಳಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮೂವತ್ತು ವರ್ಷ ನಮ್ಮ ಹೆಸರು ಉಳಿಸಿದ್ದೂ ಇದೇ ನೂಲೇನಯ್ಯ?" ಎಂದು ಕೇಳಿ, ಬಹಳ ಹೊತ್ತು ಫೋನಿನಲ್ಲಿ ಅಂಗಲಾಚಿದರು. ಕೊನೆಗೆ ಫೋನಿಟ್ಟು ಹೇಳಿದರು: "ಒಂದೇ ಒಂದು ಜೊತೆ ಮಾದರಿ ನೋಡ್ತಾರಂತೆ. ಹತ್ತು ದಿನ ಇದೆ."

ಮೊದಲ ಅಚ್ಚು ಮತ್ತೆ ಅಗಲವಾಯಿತು, ಎರಡನೆಯದೂ. ಮೂರನೆಯದಕ್ಕೆ ಅವನು ಉಳಿ ಎತ್ತಿದ. ಪೆಟ್ಟಿಗೆಗಳು ವಾಪಸ್ಸು ಬಂದ ದಿನದಿಂದ ಮಾತು ಬಿಟ್ಟಿದ್ದ ಭಾಮೈದ ಎದ್ದು ಬಂದು ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಕೈಯಲ್ಲಿ ಟೇಪು.

"ನೀನು ಕೆತ್ತು. ಎಲ್ಲಿ ಬಿಡ್ತೀಯ ನಾನು ಹೇಳ್ತೀನಿ."

"ನಿನಗೇನು ಗೊತ್ತೋ ಕೆತ್ತೋದು?"

"ಕೆತ್ತೋದು ಗೊತ್ತಿಲ್ಲ. ಅಳೆಯೋದು ಗೊತ್ತು. ಬುದ್ಧಿ ಇಲ್ದೋನಲ್ವಾ ನಾನು, ಕರುಣೆನೂ ಇಲ್ಲ. ಇನ್ನೂ ತೆಗಿ ಭಾವ."

"ಬೆರಳಿಗೆ ಜಾಗ ಬೇಡ್ವೇನೋ?"

"ಅವರ ಬೆರಳು, ಅವರ ಕರ್ಮ. ತೆಗಿ."

ಹೀಗೆ ಒಂದೂವರೆ ದಿನ. ಭಾಮೈದ 'ತೆಗಿ' ಎಂದಾಗಲೆಲ್ಲ ಜೀವಂತ ಕಾಲನ್ನೇ ಹೆರೆಯುತ್ತಿರುವಂತೆ ಅಚ್ಚಣ್ಣನ ಮುಖ ಹಿಂಡಿಕೊಳ್ಳುತ್ತಿತ್ತು. ಕೊನೆಗೆ ಟೇಪು, ನಕ್ಷೆ ಎರಡೂ ಒಂದೇ ಮಾತು ಹೇಳಿದವು. ಮಾದರಿ ಹೋಯಿತು.

ಉತ್ತರ ಒಂದೇ ವಾರದಲ್ಲಿ ಬಂತು. ಯಜಮಾನರು ತಾವೇ ಹಿಂದಿನ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತರು. "ಮಾದರಿ ಸರಿಯಾಗಿದೆಯಂತೆ ಅಚ್ಚಣ್ಣ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲವಂತೆ."

ಭಾಮೈದ ನಗುತ್ತ ಎದ್ದ.

"ಕೂತ್ಕೋ. ಕಾದು ಸಾಕಾಯ್ತಂತೆ. ಆರ್ಡರು ಬೇರೆ ದೇಶಕ್ಕೆ ಕೊಟ್ಟಾಗಿದೆ."

ಕಾರ್ಖಾನೆ ಒಮ್ಮೆಗೇ ಮುಚ್ಚಲಿಲ್ಲ. ಹಾಗೆ ಮುಚ್ಚಿದ್ದರೆ ಅಳಲಿಕ್ಕಾದರೂ ಒಂದು ದಿನ ಸಿಗುತ್ತಿತ್ತು. ಮೊದಲು ಹೊಲಿಗೆಯ ಹೆಂಗಸರು ಹೋದರು. ಆಮೇಲೆ ಲೇತು ಹೋಯಿತು. ಭಾಮೈದ ಅದನ್ನು ಲಾರಿಗೆ ಹತ್ತಿಸಿ, ಹಗ್ಗ ಬಿಗಿದು, ಕೊಂಡವರ ಊರಿಗೆ ಅದರ ಹಿಂದೆಯೇ ಕೆಲಸಕ್ಕೆ ಹೋದ. ಮರದ ಕಾಲುಗಳನ್ನು ಮೂಟೆ ಕಟ್ಟಿ ಯಾವುದೋ ಮಿಲ್ಲಿನ ಬಾಯ್ಲರಿನಲ್ಲಿ ಉರಿಸಲು ಒಯ್ದರು. ಚೆನ್ನಾಗಿ ಒಣಗಿದ ಮರ, ಹೊಗೆಯೇ ಬರಲಿಲ್ಲವಂತೆ.

ಯಜಮಾನರು ಮುಂದಿನ ಹಾಲನ್ನು ಅಂಗಡಿ ಮಾಡಿದರು. ಗಾಜಿನ ಬಾಗಿಲು, ಬಿಳಿ ಬೆಳಕು, ಗೋಡೆಯ ತುಂಬ ಹಡಗಿನಲ್ಲಿ ಬಂದ ಪ್ಲಾಸ್ಟಿಕ್ ಶೂ. "ನಾನೂ ಬದುಕಬೇಕಲ್ಲಯ್ಯ" ಎಂದು, ಕೇಳದಿದ್ದರೂ ಸಮಜಾಯಿಷಿ ಕೊಟ್ಟು, ಅಚ್ಚಣ್ಣನನ್ನು ಅಲ್ಲೇ ಕೆಲಸಕ್ಕೆ ಇಟ್ಟುಕೊಂಡರು. ಗಿರಾಕಿಗಳ ಕಾಲ ಬಳಿ ಮಂಡಿಯೂರಿ ಶೂ ತೊಡಿಸುವ ಕೆಲಸ.

ಮೊದಲ ವಾರವೇ ಹೊಲಿಗೆಯ ಹಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬಳು ಬಂದಳು. ಈಗ ಯಾವುದೋ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಾಳೆ; ದಿನವಿಡೀ ನಿಂತಿರಬೇಕು, ಶೂ ಬೇಕು. ಅಚ್ಚಣ್ಣ ಅವಳ ಪಾದ ಹಿಡಿದ. ಅಳೆಯುವ ಅಗತ್ಯವಿರಲಿಲ್ಲ. ಇದ್ದುದರಲ್ಲೇ ಅಗಲದ ಜೊತೆ ಹುಡುಕಿ ತೊಡಿಸಿದ. ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತದ್ದು ಹೊರಗಿನಿಂದಲೇ ಅವನಿಗೆ ತಿಳಿಯಿತು.

"ಬೆರಳು ಹಿಂಡುತ್ತಲ್ಲ ಅಚ್ಚಣ್ಣ" ಎಂದಳು.

ಗಲ್ಲಾದ ಹಿಂದಿನಿಂದ ಯಜಮಾನರು ನೋಡುತ್ತಿದ್ದರು. ಪ್ಲಾಸ್ಟಿಕ್ ಚರ್ಮದಂತಲ್ಲ, ಎಷ್ಟು ನಡೆದರೂ ಹಿಗ್ಗುವುದಿಲ್ಲ.

ಅಚ್ಚಣ್ಣ ತಲೆಯೆತ್ತಲಿಲ್ಲ. "ನಾಲ್ಕು ದಿನ ಓಡಾಡಮ್ಮ" ಎಂದ. "ಸಡಿಲ ಆಗುತ್ತೆ."