ಹಾರ ಹಾಕಿದ ಕನ್ನಡಿ

ರಾಯದುರ್ಗದಲ್ಲಿ ಚಿತ್ರಕಲೆ ಕಲಿಸುತ್ತಿದ್ದಾಗ, ಬಾಡಿಗೆ ಮನೆಯ ಒಡತಿ ಈರಮ್ಮನವರಿಂದ ಒಂದು ಕನ್ನಡಿ ಕೇಳಿ ತಂದಿದ್ದೆ. ಅದನ್ನು ಗೋಡೆಗೆ ಒರಗಿಸಿ, ಮೇಲಿನಿಂದ ಸೇವಂತಿಗೆ ಹಾರ ಇಳಿಬಿಟ್ಟು, ಚಿತ್ರ ಬರೆಯಲು ಕೂತೆ. ಚಹಾ ತಂದ ಈರಮ್ಮ ಕನ್ನಡಿಯೆದುರು ಗಕ್ಕನೆ ನಿಂತರು. ಹಾರದ ಕೆಳಗೆ ಅವರದೇ ಮುಖವಿತ್ತು, ತೀರಿಕೊಂಡವರ ಫೋಟೋದಂತೆ.

"ಇದೇನ್ರಿ ಸಾರ್? ನಾಳೆ ಬಳ್ಳಾರ್ಯಾಗ ನನಗ ಆಪರೇಷನ್ ಐತಿ."

ನಾನು ಸುಮ್ಮನಿರಬೇಕಿತ್ತು. ಓದಿದವನಲ್ಲವೆ, ವಿವರಿಸಿದೆ: ಇದು ಬರೀ ಸಂಕೇತ, ಇಂಥ ಚಿತ್ರಗಳಲ್ಲಿ ಕನ್ನಡಿಯೆಂದರೆ ರೂಪದ ಮೋಹ, ಬಾಡುವ ಹೂವೆಂದರೆ ಸಾವು.

"ಅಂದ್ರ, ಗೊತ್ತಿದ್ದೇ ಹಾಕೀರಿ?"

"ಇದರಿಂದ ಯಾರಿಗೂ ಏನೂ ಆಗಲ್ಲಮ್ಮ" ಅಂದೆ.

"ಹಂಗಾದ್ರ ನೀವು ಬಂದು ನಿಂದರ್ರಿ."

ಹೋಗಿ ನಿಂತೆ. ಹಾರದ ಕೆಳಗೆ ಈಗ ನನ್ನ ಮುಖ. ಈರಮ್ಮ ಬಹಳ ಹೊತ್ತು ನೋಡಿದರು.

"ನಿಮಗ ಚಲೋ ಒಪ್ಪತೈತ್ರಿ" ಅಂದವರೇ ಲೋಟ ಕೆಳಗಿಟ್ಟು ಹೊರಟುಹೋದರು.

ವಾರದೊಳಗೆ ಈರಮ್ಮ ಆಸ್ಪತ್ರೆಯಿಂದ ಗಟ್ಟಿಯಾಗಿಯೇ ಮನೆಗೆ ಬಂದರು. ಹಾರವನ್ನು ನಾನು ಅವತ್ತೇ, ಅವರ ಬೆನ್ನಿಗೇ ತೆಗೆದುಬಿಟ್ಟಿದ್ದೆ. ಬೆಳಕು ಸರಿಯಿರಲಿಲ್ಲ, ಅಷ್ಟೆ.