ಬಾಲ್ಕನಿಗೆ ಅಡ್ಡ ಎದ್ದ ಗೋಡೆ

ಗಣಿಯೂರು ಕರಗಂಡದ ಯಾವ ಗೃಹಿಣಿಯನ್ನಾದರೂ ಕೇಳಿ, ಬಾಲ್ಕನಿ ಇರುವುದು ಯಾತಕ್ಕೆಂದು. ಗಾಳಿಗೆ ಎನ್ನುವುದಿಲ್ಲ, ಬೆಳಕಿಗೆ ಎನ್ನುವುದಿಲ್ಲ. ಮಾಂಸಕ್ಕೆ ಎನ್ನುತ್ತಾಳೆ. ನವೆಂಬರಿನಲ್ಲಿ ಹಿಮ ಗಟ್ಟಿಯಾದ ಮೇಲೆ ನಾಲ್ಕು ಮನೆಯವರು ಸೇರಿ ಒಂದು ಕುದುರೆ ಕಡಿಯುತ್ತಾರೆ. ಸೊಗಿಮ್ ಎನ್ನುವ ಆ ಚಳಿಗಾಲದ ಪಾಲನ್ನು ಬಾಲ್ಕನಿಯ ಪೆಟ್ಟಿಗೆಗೆ ತುಂಬಿಟ್ಟರೆ ವಸಂತದವರೆಗೆ ಊಟದ ಚಿಂತೆಯಿಲ್ಲ. ಅಂಥ ಬಾಲ್ಕನಿಯನ್ನು ಕುಲ್ಯಾಶ್ ಗಂಡನಿಗಾಗಿ ಬಿಟ್ಟುಕೊಟ್ಟಳೆಂದರೆ ಅದೇನು ಸಣ್ಣ ಮಾತಲ್ಲ. ಮೆಟ್ಟಿಲ ಬಳಿ ಹೆಂಗಸರು ವಾರವಿಡೀ ಅದನ್ನೇ ಅಗಿದರು.

ಕುಲ್ಯಾಶ್ ಗಣಿಯ ದೀಪದ ಕೋಣೆಯಲ್ಲಿ ಕೆಲಸಕ್ಕಿದ್ದವಳು. ಕೆಳಗಿಳಿಯುವವರಿಗೆ ಕಿಂಡಿಯಿಂದ ತಲೆದೀಪ ಕೊಡುವುದು, ಮೇಲೆ ಬಂದಾಗ ಮರಳಿ ಇಸಿದುಕೊಳ್ಳುವುದು. ಒರಾಜ್‌ಬೆಕ್ ಅವಳಿಗೆ ಸಿಕ್ಕಿದ್ದು ಆ ಕಿಂಡಿಯಲ್ಲೇ. ಕಲ್ಲಿದ್ದಲ ಪುಡಿ ರೆಪ್ಪೆಯಂಚಿಗೆ ಕಾಡಿಗೆಯಂತೆ ಮೆತ್ತಿಕೊಂಡ ಕಣ್ಣು, ಸದಾ ತಮಾಷೆಯ ಬಾಯಿ. "ಒಳ್ಳೇ ದೀಪ ಕೊಡು ಹುಡುಗಿ, ನಿನ್ನೆ ಕೊಟ್ಟಿದ್ದು ನಿನ್ನ ಹಾಗೇ ಮುಖ ಕೊಡ್ಲಿಲ್ಲ" ಎಂದಿದ್ದ. ಮದುವೆಯಾಯಿತು. ಒಂಬತ್ತು ಮಹಡಿಯ ಕಟ್ಟಡದ ಆರನೆಯದರಲ್ಲಿ ಒಂದು ಕೋಣೆ, ಒಂದು ಅಡುಗೆಮನೆ ಸಿಕ್ಕಿತು. ಇದ್ದೊಬ್ಬ ಮಗಳು ದೂರದ ಶಿಂಕೆಂತಿಗೆ ಸೊಸೆಯಾಗಿ ಹೋದಳು.

ಚಳಿಗಾಲದಲ್ಲಿ ಗಣಿಯವನಿಗೆ ಸೂರ್ಯ ಎಲ್ಲಿಂದ ಬರಬೇಕು? ಕತ್ತಲಲ್ಲಿ ಇಳಿದವನು ಕತ್ತಲಲ್ಲೇ ಹತ್ತುತ್ತಾನೆ. "ರಿಟೈರ್ ಆಗ್ಲಿ, ಬಿಸಿಲಲ್ಲಿ ಕೂತು ಬಿಸಿಲನ್ನೇ ತಿಂತೀನಿ, ನಿನ್ನ ರೊಟ್ಟಿ ನೀನೇ ಇಟ್ಕೋ" ಎನ್ನುತ್ತಿದ್ದ ಒರಾಜ್‌ಬೆಕ್. ಪಾಪ, ರಿಟೈರ್ ಆಗುವಷ್ಟರಲ್ಲಿ ಎದೆಯೊಳಗೆ ಗಣಿಯ ಧೂಳು ಗಟ್ಟಿಯಾಗಿ ಕೂತಿತ್ತು. ಕೋಣೆಯಿಂದ ಅಡುಗೆಮನೆಗೆ ಹೋಗಬೇಕಾದರೆ ನಡುವೆ ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಳ್ಳಬೇಕು. ಬೀದಿಗಿಳಿಯುವುದಂತೂ ದೂರದ ಮಾತಾಯಿತು.

ಆ ಕಟ್ಟಡದ ನಕ್ಷೆ ಬರೆದ ಪುಣ್ಯಾತ್ಮ ಯಾವ ಊರಲ್ಲಿ ಕೂತು ಬರೆದನೋ! ಇರುವ ಒಂದೇ ಕೋಣೆಯ ಒಂದೇ ಕಿಟಕಿಯ ಮುಂದೆ ಬಾಲ್ಕನಿ. ಅದಕ್ಕೆ ಎದೆಯೆತ್ತರದ ಕಾಂಕ್ರೀಟ್ ಅಡ್ಡಗೋಡೆ. ತಲೆಯ ಮೇಲೆ ಏಳನೆಯ ಮಹಡಿಯವರ ಬಾಲ್ಕನಿ. ಒಳಗೆ ಮಲಗಿದವನಿಗೆ ಕಾಣುವುದು ಬೂದು ಕಾಂಕ್ರೀಟು, ಅದರ ಮೇಲೆ ಒಂದು ಗೇಣು ಆಕಾಶ, ಅಷ್ಟೇ. ಬೇಸಿಗೆಯೆಲ್ಲ ಒರಾಜ್‌ಬೆಕ್ ಬಾಲ್ಕನಿಯಲ್ಲಿ ಎತ್ತರದ ಮಣೆಯ ಮೇಲೆ ಕೂತು ಬೀದಿ ನೋಡಿದ. ಸೆಪ್ಟೆಂಬರಿನ ಕೊನೆಗೆ ಮೊದಲ ಇಬ್ಬನಿ ಹೆಪ್ಪುಗಟ್ಟಿದ ದಿನ ಹೆಂಡತಿಯ ಕೈ ಹಿಡಿದುಕೊಂಡ.

"ಮುದುಕೀ, ಈ ಸಲ ನನ್ನ ಒಳಗೆ ಹಾಕ್ಬೇಡ ಕಣೇ."

ಜೀವಮಾನದಲ್ಲಿ ಏನನ್ನೂ ಕೇಳದವನು ಕೇಳಿದ್ದ. ಮನೆ ರಿಪೇರಿಯ ಕೆಲಸ ಮಾಡಿಕೊಂಡಿದ್ದ ಗಂಡನ ಚಿಕ್ಕಪ್ಪನ ಮಗ ತೊಲೆಗೆನ್‌ನನ್ನು ಮರುದಿನವೇ ಕರೆಸಿದಳು.

"ಅದೆಷ್ಟರ ಕೆಲ್ಸ ಅತ್ತಿಗೆ!" ಎಂದ ಅವನು. "ಕಿಟಕಿ ಬಾಗ್ಲು ಕಿತ್ತು, ಕೆಳಗಿನ ಗೋಡೆ ಒಡೆದು, ಬಾಲ್ಕನಿ ಸುತ್ತ ಡಬಲ್ ಗಾಜು ಹಾಕ್ಬಿಡೋಣ. ಬಿಸಿನೀರು ಹರಿಯೋ ಹೀಟರ್ ಕೊಳವೇನೂ ಅಲ್ಲಿಗೇ ಎಳೀತೀನಿ. ಗಾಜಿನ ಮಟ್ಟಕ್ಕೆ ಮಂಚ ಎತ್ತರಿಸಿದ್ರೆ ಅಣ್ಣ ಖಾನನ ಹಾಗೆ ಕೂತಿರ್ಬಹುದು."

"ಚಳಿ ಹೊಡಿಯಲ್ವೇನೋ?"

"ಹೀಟರೇ ಅಲ್ಲಿದ್ಮೇಲೆ ಚಳಿಗೇನು ಕೆಲ್ಸ? ಅರ್ಧ ಊರು ಮಾಡಿಸ್ಕೊಂಡಿದೆ."

ಅದೂ ನಿಜವೇ. ಅರ್ಧ ಊರು ಮಾಡಿಸಿಕೊಂಡಿತ್ತು. ಊರು ಮಾಡಿದ್ದೆಲ್ಲ ಸರಿ ಎಂದುಕೊಳ್ಳುವುದು ನಮ್ಮ ಹಳೆಯ ಜಾಯಮಾನ.

ಕೆಳಗಿನ ಮಹಡಿಯ ಫ್ರೀದಾ ಜರ್ಮನರವಳು, ಗಂಡನಿಲ್ಲದವಳು, ಕುಲ್ಯಾಶಳ ಹಳೆಯ ಗೆಳತಿ. ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಈ ವರ್ಷ ಸೊಗಿಮ್ ಎಲ್ಲಿಡ್ತೀಯೇ? ಗಂಡನ ಮಡಿಲಲ್ಲಾ?"

"ನಿನ್ನ ಬಾಲ್ಕನಿ ಇದೆಯಲ್ಲ. ಸ್ವಲ್ಪ ಸರಿಸ್ಕೋ."

"ನನ್ನ ಹಂದಿ ಪಕ್ಕದಲ್ಲಿಟ್ರೆ ನಿನ್ನ ಕುದುರೆಗೆ ಮೈಲಿಗೆ ಆಗಲ್ವಾ?"

"ನಡುವೆ ನಿನ್ನ ಎಲೆಕೋಸಿನ ಪೀಪಾಯಿ ಇಡು. ಅದು ಕಾವಲು ಕಾಯ್ಲಿ."

ಆ ಅಕ್ಟೋಬರ್ ಕುಲ್ಯಾಶಳ ಬಾಳಿನ ಒಳ್ಳೆಯ ಅಕ್ಟೋಬರ್. ಒರಾಜ್‌ಬೆಕ್ ದಿಂಬಿಗೊರಗಿ ಬೀದಿಯನ್ನು ಆಳಿದ. "ಏ ಮುದುಕೀ, ಬಾ ಬಾ ಬೇಗ! ಎದುರು ಕಟ್ಟಡದ ಬಾಕಿಟ್‌ನ ಹೊಸ ಟೋಪಿ ನೋಡು, ಸತ್ತ ನಾಯಿ ತಲೆ ಮೇಲೆ ಕೂತ ಹಾಗಿದೆ." ಮಧ್ಯಾಹ್ನದ ಬಿಸಿಲು ಮುಖಕ್ಕೆ ಬಿದ್ದರೆ ಕಣ್ಣು ಮುಚ್ಚಿ, ಬಾಯಿ ತುಸು ತೆರೆದು ಕೂರುತ್ತಿದ್ದ. ಹಾಲು ಬೆರೆಸಿದ ಚಹಾ ಹಿಡಿದು ಬಂದವಳು ಮಾತಾಡಿಸದೆ ನಿಲ್ಲುತ್ತಿದ್ದಳು. ಅವನು ಬದುಕಿರಬೇಕು, ಹೀಗೇ ಬದುಕಿರಬೇಕು. ಅವಳಿಗೆ ಬೇರೆ ಆಸೆಯೇ ಇರಲಿಲ್ಲ.

ಡಿಸೆಂಬರಿನಲ್ಲಿ ಹುಲ್ಲುಗಾವಲಿನ ಗಾಳಿ ಎದ್ದಿತು. ಬಾಲ್ಕನಿಯ ನೆಲವೆಂದರೆ ಗೋಡೆ ದಾಟಿ ಬಯಲಿಗೆ ಚಾಚಿಕೊಂಡ ಕಾಂಕ್ರೀಟು ತಾನೆ? ಕೆಳಗೂ ಗಾಳಿ, ಪಕ್ಕಕ್ಕೂ ಗಾಳಿ. ಕುದಿಯುವ ಸಾರಿನಲ್ಲಿ ಬಿಟ್ಟ ಸೌಟಿನ ಹಿಡಿಯಂತೆ ಅದು ಮನೆಯ ಬಿಸಿಯನ್ನೆಲ್ಲ ಹೊರಗೆ ಎಳೆಯತೊಡಗಿತು. ಹೀಟರ್ ಎಷ್ಟು ಕಾದರೂ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ. ಬಿಸಿನೀರಿನ ಕೊಳವೆ ಅಲ್ಲಿಂದಲೇ ಫ್ರೀದಾಳ ಮನೆಗಿಳಿಯಬೇಕು. ಇಳಿಯುವಷ್ಟರಲ್ಲಿ ನೀರು ಉಗುರುಬೆಚ್ಚಗೆ. ಅವಳು ಮನೆಯೊಳಗೇ ಕೋಟು ತೊಟ್ಟು ಓಡಾಡಿದಳು, ಗೆಳತಿಗೆ ಒಂದು ಮಾತೂ ಹೇಳಲಿಲ್ಲ. ಊರಿಗೆಲ್ಲ ಬೆಂಕಿ ಅಗೆದು ಕೊಟ್ಟವನ ಮಂಚದ ಕೆಳಗೆ ಮಂಜುಗಡ್ಡೆ ಕಟ್ಟಿತು. ಇದಕ್ಕಿಂತ ಅನ್ಯಾಯ ಬೇಕೆ?

"ಒಳಗೆ ಬಾ ಮುದುಕಾ, ಚಳಿ ಜಾಸ್ತಿ ಆಯ್ತು."

"ಯಾರಿಗೆ ಚಳಿ? ನನಗೆ ಸೆಖೆ ಆಗ್ತಿದೆ."

ಅವಳೆದುರು ಹಲ್ಲು ಕಚ್ಚಿ ನಡುಕ ತಡೆದುಕೊಳ್ಳುತ್ತಿದ್ದ. ಕೈ ಮುಟ್ಟಲು ಬಂದರೆ ಹೊದಿಕೆಯೊಳಗೆ ಎಳೆದುಕೊಳ್ಳುತ್ತಿದ್ದ. ಅವಳೂ ನಂಬಿದಂತೆ ನಟಿಸಿದಳು, ಯಾಕೆಂದರೆ ನಂಬುವುದೇ ಸುಲಭವಾಗಿತ್ತು. ಒಂದು ಬೆಳಿಗ್ಗೆ ಅವನನ್ನು ಎಬ್ಬಿಸಲೆಂದು ರಜಾಯಿ ಎಳೆದಳು. ಬರಲಿಲ್ಲ. ಅದು ಗೋಡೆಗೆ ಹೆಪ್ಪುಗಟ್ಟಿ ಅಂಟಿಕೊಂಡಿತ್ತು. ಜೋರಾಗಿ ಎಳೆದಾಗ ಬಟ್ಟೆ ಪರ್ರೆಂದು ಹರಿಯಿತು. ಅವನ ತುಟಿ ನೀಲಿಗಟ್ಟಿತ್ತು, ಹಣೆ ಸುಡುತ್ತಿತ್ತು.

"ಸಾಯ್ಬೇಕು ಅಂತಿದೀಯಾ ಇಲ್ಲೇ? ಬಾಯಿಬಿಟ್ಟು ಹೇಳೋಕೇನಾಗಿತ್ತು ನಿನಗೆ, ಹಟಮಾರಿ!" ಎಂದು ಅಳುತ್ತಲೇ ಬೈದಳು.

"ಸಾಯೋದಾದ್ರೆ... ಬೆಳಕಲ್ಲೇ ಸಾಯ್ತೀನಿ ಬಿಡು."

ಆಂಬುಲೆನ್ಸ್ ಬಂತು. ಆಸ್ಪತ್ರೆಯ ಎಳೆಯ ವಯಸ್ಸಿನ ಡಾಕ್ಟರಮ್ಮ ಕುಲ್ಯಾಶಳನ್ನು ಪಕ್ಕಕ್ಕೆ ಕರೆದು, ತಾಯಿಯನ್ನು ಕರೆದಂತೆ "ಅಪಾ, ಈ ಸಲ ಉಳಿಸ್ಕೊಂಡ್ವಿ. ಮನೇಲಿ ಬೆಚ್ಚಗಿಡಿ. ಇನ್ನೊಂದ್ಸಲ ಹೀಗಾದ್ರೆ ವಸಂತದ ನೌರಿಜ್ ಹಬ್ಬ ನೋಡಲ್ಲ ಅವರು" ಎಂದಳು.

ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಕುಲ್ಯಾಶ್ ನುಂಗಿದಳು. ಗಂಡ ಆಸ್ಪತ್ರೆಯಲ್ಲಿರುವಾಗಲೇ ತೊಲೆಗೆನ್‌ನನ್ನು ಕರೆಸಿ ಎಲ್ಲ ಮೊದಲಿನಂತೆ ಮಾಡು ಎಂದಳು. ಮೊದಲಿನ ಕಿಟಕಿ ಎಲ್ಲಿದೆ? ಅದನ್ನವನು ಯಾರದೋ ತೋಟದ ಮನೆಗೆ ಕೊಟ್ಟಾಗಿತ್ತು. ಹೊಸದು ಬೇಕಾದರೆ ಹೊಸವರ್ಷದ ರಜೆ ಮುಗಿದು ಬಡಗಿಗಳು ಕೆಲಸಕ್ಕೆ ಬರಬೇಕು.

"ಅಷ್ಟು ದಿನ ಕಾಯೋ ಹಾಗಿಲ್ಲ. ಇಟ್ಟಿಗೆ ಕಟ್ಟಿ ಮುಚ್ಚಿಬಿಡು, ಒಂದು ಸಣ್ಣ ಹಲಗೆ ಬಾಗ್ಲು ಬಿಡು ಸಾಕು. ವಸಂತಕ್ಕೆ ಒಡೆದು ಕಿಟಕಿ ಕೂರಿಸಿದ್ರಾಯ್ತು."

ಹೀಟರ್ ಒಳಕ್ಕೆ ಬಂತು. ಗೋಡೆ ಎದ್ದಿತು. ಅದರ ಮೇಲೆ ದಪ್ಪ ಉಣ್ಣೆಯ ಕಂಬಳಿ, ಅದರ ಮೇಲೆ ತನ್ನ ಮದುವೆಗೆ ಅಮ್ಮ ಹೊಲಿದುಕೊಟ್ಟ ಕೆಂಪು ಕಸೂತಿಯ ಪರದೆ ತೂಗುಹಾಕಿದಳು. ಫ್ರೀದಾ ಬಂದು ಪರದೆಯಂಚು ಎತ್ತಿ ನೋಡಿದಳು.

"ಅವನನ್ನ ಕೇಳ್ದ್ಯಾ?"

"ಕೇಳಿದ್ರೆ ಬೇಡ ಅಂತಾನೆ. ಅದಕ್ಕೇ ಕೇಳ್ಲಿಲ್ಲ."

ಒರಾಜ್‌ಬೆಕ್ ಮನೆಗೆ ಬಂದಾಗ ಕೋಣೆ ಹಂಡೆಯೊಲೆಯ ಮುಂದೆ ಕೂತಷ್ಟು ಬೆಚ್ಚಗಿತ್ತು. ಬಾಗಿಲಲ್ಲೇ ನಿಂತ. ಕಸೂತಿಯನ್ನು ಸರಿಸಿ ಇಟ್ಟಿಗೆಯ ಮೇಲೆ ಅಂಗೈ ಇಟ್ಟು ನೋಡಿದ.

"ವಸಂತದವರೆಗೆ ಅಷ್ಟೇ," ಎಂದಳು ಕುಲ್ಯಾಶ್. "ಆಮೇಲೆ ಒಡೆಸ್ತೀನಿ."

ಅವನು ಮಂಚದ ಮೇಲೆ ಕೂತು ಉಸಿರು ಸರಿಮಾಡಿಕೊಂಡ. "ಆಗೆಲ್ಲ ಕೈಗೊಂದು ದೀಪ ಕೊಟ್ಟು ಇಳಿಸ್ತಿದ್ದೆ," ಎಂದ. "ಈ ಸಲ ಹಾಗೇ ಇಳಿಸಿಬಿಟ್ಟೆಯಲ್ಲೇ."

ಗಡುಸಾಗಿ ಹೇಳಲಿಲ್ಲ. ಬೈದಿದ್ದರೆ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ.

ಬೆಚ್ಚನೆಯ ಕೋಣೆ ತನ್ನ ಕೆಲಸ ಮಾಡಿತು. ಕೆಮ್ಮು ಇಳಿಯಿತು, ಊಟ ಸೇರಿತು, ಕೆನ್ನೆ ತುಂಬಿಕೊಂಡಿತು. ಡಾಕ್ಟರಮ್ಮ ಬಂದು ನೋಡಿ ಭೇಷ್ ಎಂದಳು. ಮಾತು ಮಾತ್ರ ಹೊರಟುಹೋಯಿತು. ಹಗಲಲ್ಲೂ ವಿದ್ಯುತ್ ದೀಪ ಉರಿಯಬೇಕಾದ ಆ ಕೋಣೆಯಲ್ಲಿ ಅವನು ದೀಪವನ್ನೂ ಬೇಡವೆಂದ. ಕುಲ್ಯಾಶ್ ಬಾಲ್ಕನಿಗೆ ಹೋಗಿ ಇಣುಕಿ ಬಂದು ಬೀದಿಯ ಸುದ್ದಿ ಹೇಳುತ್ತಿದ್ದಳು. ಬಾಕಿಟ್ ಜಾರಿಬಿದ್ದ, ಟೋಪಿ ಒಂದು ಕಡೆ, ಅವನು ಒಂದು ಕಡೆ. ಒರಾಜ್‌ಬೆಕ್ ಕೆಲವು ದಿನ ತಲೆಯಾಡಿಸಿದ. ಆಮೇಲೊಂದು ದಿನ, "ಸಾಕು, ಹೇಳ್ಬೇಡ" ಎಂದ.

ನೌರಿಜ್ ಬಂತು. ಸೂರಿನ ಹಿಮ ತೊಟ್ಟಿಕ್ಕತೊಡಗಿತು. ಹಬ್ಬದ ಗಂಜಿಯ ಪಾತ್ರೆ ಒಲೆಯ ಮೇಲಿರುವಾಗಲೇ ತೊಲೆಗೆನ್ ಹೊಸ ಕಿಟಕಿ ಹೊತ್ತುಕೊಂಡು ಬಂದ. ಕುಲ್ಯಾಶ್ ಓಡಾಡಿ ಕಸೂತಿ ಬಿಚ್ಚಿದಳು, ನೆಲಕ್ಕೆ ಹಳೆಯ ಬಟ್ಟೆ ಹಾಸಿದಳು. ತೊಲೆಗೆನ್ ಸುತ್ತಿಗೆ ಎತ್ತಿದ.

"ಇಳಿಸೋ ಅದನ್ನ," ಎಂದ ಒರಾಜ್‌ಬೆಕ್.

"ಯಾಕಣ್ಣಾ? ಬೇಸಿಗೆಯೆಲ್ಲ ಹೊರಗೆ ಕೂತ್ಕೋಬಹುದು."

"ಕೂತ್ಕೋತೀನಿ. ಚಳಿ ಬಂದಾಗ ಇವಳು ನನ್ನ ಮತ್ತೆ ಒಳಗೆ ಎಳೀತಾಳೆ. ಆಚೆ ಏನಿದೆ ಅಂತ ಗೊತ್ತಿದ್ದೂ ಆ ಬೂದು ಕಾಂಕ್ರೀಟ್ ನೋಡ್ಕೊಂಡು ಬಿದ್ದಿರ್ಬೇಕು. ಇನ್ನೊಂದ್ಸಲ ನನ್ನ ಕೈಲಾಗಲ್ಲ. ಈಗ ಕಣ್ಣು ಒಗ್ಗಿದೆ, ಇರ್ಲಿ ಬಿಡು."

ಕುಲ್ಯಾಶ್ ಅವನ ಮಂಚದ ಬಳಿ ಕುಸಿದು ಕೂತಳು. "ಎಳೆಯಲ್ಲ ಕಣೋ ಮುದುಕಾ. ಅಲ್ಲಾನ ಆಣೆಗೂ ಎಳೆಯಲ್ಲ."

ಒರಾಜ್‌ಬೆಕ್ ಅವಳ ತಲೆಯ ಮೇಲೆ ಕೈಯಿಟ್ಟ. "ಎಳೀತೀಯ. ನಾನು ಬದುಕಿರ್ಬೇಕಲ್ಲ ನಿನಗೆ."

ಅಡುಗೆಮನೆಯಲ್ಲಿ ಗಂಜಿ ಉಕ್ಕಿ ಒಲೆಗೆ ಸುರಿಯುತ್ತಿದ್ದರೂ ಯಾರೂ ಏಳಲಿಲ್ಲ. ತೊಲೆಗೆನ್ ಸುತ್ತಿಗೆ ಇಳಿಸಿದ. ಆಮೇಲೆ ಹಲಗೆ ಬಾಗಿಲು ತೆರೆದು ಹೊಸ ಕಿಟಕಿಯನ್ನು ಬಾಲ್ಕನಿಗೆ ಒಯ್ದು, ಗೋಡೆಯ ಆಚೆ ಬದಿಗೆ ಒರಗಿಸಿಟ್ಟು ಹೋದ.